ನೋಟಿಸನ್ನು ದೇವರ ಮುಂದೆ ಹರಡಿದ ಮೇಲೆ (ನನ್ನ ಅನುಭವ)

"ಕೆಲಸ ಸಿಕ್ಕಿತಲ್ಲ, ಅದಕ್ಕೇ ನಿಮಗೆ ಸಮಾಧಾನ ಬಂತು" ಅಂತ ಈಗಲೂ ಕೆಲವರು ಹೇಳುತ್ತಾರೆ. ಕೆಲಸ ಹೋಗಿ, ಚಿಂತೆಯಲ್ಲಿ ನಿದ್ದೆ ಕೆಟ್ಟಿದ್ದ ದಿನಗಳ ಬಗ್ಗೆ ಅವರು ಹೇಳುವುದು. ಆ ಲೆಕ್ಕ ಸರಿ ಇಲ್ಲ. ನಿದ್ದೆ ಮೊದಲು ಬಂತು, ಕೆಲಸ ಆಮೇಲೆ. ನಡುವೆ ಹೆಚ್ಚು ಕಡಿಮೆ ಐದು ತಿಂಗಳ ಅಂತರ ಇತ್ತು. ಬೈಬಲ್ ಓದುವುದು, ಪ್ರಾರ್ಥನೆ, ಸಭೆಗೆ ಹೋಗುವುದು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಬಿಟ್ಟು, ನಾನು ಏನೇನು ಮಾಡಿದೆ, ಯಾವುದು ಕೈ ಕೊಟ್ಟಿತು, ಯಾವುದು ಹಿಡಿಯಿತು, ಅಷ್ಟನ್ನೇ ಬರೆಯುತ್ತೇನೆ.

ಕಂಪನಿ ನಮ್ಮ ವಿಭಾಗವನ್ನೇ ಮುಚ್ಚಿತ್ತು. ಸಂಬಳದ ಅರ್ಧಕ್ಕೆ ಸ್ವಲ್ಪ ಕಡಿಮೆ ಮನೆ ಸಾಲದ ಕಂತಿಗೆ ಹೋಗುತ್ತಿತ್ತು. ಸಂಬಳ ನಿಂತಿತು, ಕಂತು ನಿಲ್ಲಲಿಲ್ಲ. ಉಳಿತಾಯ ಎಳೆದಾಡಿದರೆ ನಾಲ್ಕು ತಿಂಗಳಿಗೆ ಆಗುವಷ್ಟು. ರಾತ್ರಿ ಎರಡೂವರೆ, ಮೂರಕ್ಕೆ ಎಚ್ಚರ ಆಗೋದು. ಆಮೇಲೆ ಬೆಳಗಿನ ತನಕ ತಲೆಯೊಳಗೆ ಕೂಡೋದು, ಕಳೆಯೋದು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬೈಬಲಿನಲ್ಲಿ ದೇವರು ಮಾತು ಕೊಡುವ ವಾಗ್ದಾನ ವಾಕ್ಯಗಳನ್ನು ಫೋನಿನಲ್ಲಿ, ಕನ್ನಡಿ ಮೇಲೆ, ಕಪಾಟಿನ ಬಾಗಿಲಿಗೆ ಅಂಟಿಸಿದೆ. ಪೇತ್ರನ ಮೊದಲ ಪತ್ರದ 5:7 (5ನೇ ಅಧ್ಯಾಯ, 7ನೇ ವಚನ), ಮತ್ತಾಯ 6ರಲ್ಲಿ ಹಕ್ಕಿಗಳ ಮಾತು ಬರುವ ಭಾಗ. ಚಿಂತೆ ಮಾಡಬೇಡಿ ಅಂತ ಓದಿದಷ್ಟೂ, ಅಯ್ಯೋ ಚಿಂತೆ ಮಾಡ್ತಿದ್ದೀನಲ್ಲ ಅಂತ ಇನ್ನೊಂದು ಚಿಂತೆ ಸೇರಿಕೊಂಡಿತು. ಪ್ರಸಂಗಗಳನ್ನು ದಿನಕ್ಕೆ ಮೂರು ನಾಲ್ಕು ಗಂಟೆ ಕೇಳಿದೆ. ಕೇಳುವಾಗ ಚೆನ್ನಾಗಿರುತ್ತಿತ್ತು, ನಿಲ್ಲಿಸಿದ ಹತ್ತು ನಿಮಿಷಕ್ಕೆ ಮತ್ತೆ ಅದೇ. ಉಪವಾಸ ಪ್ರಾರ್ಥನೆಯನ್ನೂ ಮಾಡಿದೆ. ಹೊಟ್ಟೆ ಖಾಲಿ ಇದ್ದಾಗ ನನಗೆ ಬರುವುದು ಭಕ್ತಿ ಅಲ್ಲ, ಸಿಟ್ಟು.

ದುಡ್ಡಿನ ವಿಷಯ ಹೇಳಲೇಬೇಕು. ಒಂದು ಕೂಟದಲ್ಲಿ, ಈಗ ಕೊಟ್ಟರೆ ದೇವರು ಎರಡರಷ್ಟು ವಾಪಸ್ ಕೊಡುತ್ತಾನೆ ಅಂತ ಒತ್ತಾಯ ಮಾಡಿದರು. ಸುಮಾರು ಎರಡು ವಾರದ ಮನೆ ಖರ್ಚಿನಷ್ಟು ಕಾಣಿಕೆ ಡಬ್ಬಿಗೆ ಹೋಯಿತು. ಎರಡರಷ್ಟಿರಲಿ, ಅರ್ಧವೂ ಬರಲಿಲ್ಲ. ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 9:7 ನೋಡಿ. ಒತ್ತಾಯಕ್ಕೆ ಕೊಡಬೇಡಿ, ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಷ್ಟು ಕೊಡಿ ಅನ್ನುತ್ತಾನೆ. ನಂತರ ನಾನು ಕೊಟ್ಟಿದ್ದು ತುಂಬಾ ಸಣ್ಣ ಮೊತ್ತ, ಆದರೆ ಲೆಕ್ಕ ಹಾಕಿ, ಖುಷಿಯಿಂದ.

ಮೊದಲು ಹಿಡಿದದ್ದು ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ ದೇವರ ಹತ್ತಿರ ದೂರು ಹೇಳಿಕೊಳ್ಳುವ ಕೀರ್ತನೆಗಳು. ಇರುವ 150ರಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳಾಟವೇ, ಅಲ್ವಾ? ನಾವು ಧೈರ್ಯ ಹೇಳುವ 23 ಮತ್ತು 91ರಲ್ಲೇ ಸುತ್ತುತ್ತಿರುತ್ತೇವೆ. 13ನೆಯದರಲ್ಲಿ ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ 'ಎಷ್ಟರವರೆಗೆ' ಅಂತ ಕೀರ್ತನೆಗಾರ ಕೇಳುತ್ತಾನೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಒಂದು ಒಳ್ಳೆಯ ಮಾತಿಲ್ಲ. ಇವನ್ನು ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದತೊಡಗಿದೆ. ನಮ್ಮ ಪ್ರಾರ್ಥನಾ ಗುಂಪಿನ ಹಿರಿಯರೊಬ್ಬರಿಗೆ ಗೊತ್ತಾಗಿ, "ಬ್ರದರ್, ಇದು ಗುಣುಗುಟ್ಟುವುದು. ನಂಬಿಕೆ ಇದ್ದವರು ಸ್ತುತಿ ಮಾಡಬೇಕು" ಅಂದರು. ಶಿಲುಬೆಯ ಮೇಲೆ ಯೇಸು ಕೂಗಿ ಹೇಳಿದ್ದು 22ನೇ ಕೀರ್ತನೆಯ ಮೊದಲ ಸಾಲು, 'ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ' ಅಂತ, ಅದೂ ಗುಣುಗುಟ್ಟುವುದೇನಾ ಅಂತ ಕೇಳಿದೆ. ಅವರು ಮಾತಾಡಲಿಲ್ಲ.

ಕೀರ್ತನೆಗಳಿಂದ ಎದೆ ಹಗುರ ಆಯಿತು, ನಿದ್ದೆ ಮಾತ್ರ ಬರಲಿಲ್ಲ. ನಿದ್ದೆ ತಂದದ್ದು ಯೆಹೂದದ ಅರಸ ಹಿಜ್ಕೀಯನ ಕಥೆ. 2 ಅರಸುಗಳು 19ರಲ್ಲಿ ಅಶ್ಶೂರದ ಅರಸ ಸನ್ಹೇರೀಬನಿಂದ ಬೆದರಿಕೆ ಪತ್ರ ಬರುತ್ತದೆ. ಕ್ರಿ.ಪೂ. 701ರ ಸುಮಾರಿನ ಕಥೆ, ಯೆಹೂದದ ಊರುಗಳೆಲ್ಲ ಆಗಲೇ ಒಂದೊಂದಾಗಿ ಬಿದ್ದಿದ್ದವು. ಹಿಜ್ಕೀಯ ಆ ಪತ್ರ ಓದಿ, ದೇವಾಲಯಕ್ಕೆ ಹೋಗಿ ಯೆಹೋವನ ಮುಂದೆ ಅದನ್ನು ಹರಡುತ್ತಾನೆ. ಕಾಗದವನ್ನೇ ಒಯ್ದು ಬಿಚ್ಚಿಡುತ್ತಾನೆ, ನೋಡಿ. ನಾನೂ ಹಾಗೇ ಮಾಡಿದರೆ ಏನಾಗುತ್ತೆ ಅನ್ನಿಸಿತು.

ಸಂಜೆ ಊಟದ ಮೇಜು ಖಾಲಿ ಮಾಡಿ ಬ್ಯಾಂಕಿನ ನೋಟಿಸ್, ಸಾಲದ ಸ್ಟೇಟ್‌ಮೆಂಟ್, ಕಂಪನಿಯ ಕೊನೆಯ ಪತ್ರ, ಎಲ್ಲ ಸಾಲಾಗಿ ಇಟ್ಟೆ. ನೋಟಿಸಿನ ಮಡಿಕೆ ಎದ್ದು ಎದ್ದು ಬರುತ್ತಿತ್ತು, ಮೇಲೆ ಕನ್ನಡಕದ ಡಬ್ಬಿ ಹೇರಿದೆ. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಗಟ್ಟಿಯಾಗಿ ಹೇಳಿದೆ: "ಕರ್ತನೇ, ಇದು ಇಷ್ಟು. ಈ ತಾರೀಕಿಗೆ ಕಟ್ಟಬೇಕು. ನನ್ನ ಹತ್ತಿರ ಇರೋದು ಇಷ್ಟು." ಹೆಂಡತಿ ಬಾಗಿಲಲ್ಲಿ ನಿಂತು, "ದೇವರಿಗೆ ಸ್ಟೇಟ್‌ಮೆಂಟ್ ತೋರಿಸ್ತಿದ್ದೀರಾ? ಅವರಿಗೆ ಗೊತ್ತಿಲ್ವಾ?" ಅಂದಳು. ದೇವರಿಗೆ ಗೊತ್ತಿತ್ತು. ನನಗೇ ಸರಿಯಾಗಿ ಗೊತ್ತಿರಲಿಲ್ಲ. ಬೆರಳಿಟ್ಟು ಓದುವಾಗ ತಿಳಿಯಿತು, ರಾತ್ರಿ ಲೆಕ್ಕದಲ್ಲಿ ಒಂದು ಸಣ್ಣ ಸಾಲ ಎರಡೆರಡು ಸಲ ಸೇರುತ್ತಿತ್ತು. ಕತ್ತಲಲ್ಲಿ ಹತ್ತಿದ ಬೆಟ್ಟಕ್ಕಿಂತ ಮೇಜಿನ ಮೇಲಿದ್ದ ಬೆಟ್ಟ ಐದನೇ ಒಂದು ಭಾಗ ಕಮ್ಮಿ ಇತ್ತು.

ಆ ರಾತ್ರಿ ನಾಲ್ಕರ ತನಕ ಮಲಗಿದೆ. ದೊಡ್ಡ ವಿಷಯ ಅದು. ವಾರದಲ್ಲಿ ಎರಡು ಸಲ ಹೀಗೆ ಹರಡುವುದನ್ನು ಅಭ್ಯಾಸ ಮಾಡಿಕೊಂಡೆ. ಎರಡನೇ ವಾರವೋ ಮೂರನೇ ವಾರವೋ ಇರಬೇಕು, ಮೇಜಿನಿಂದ ಎದ್ದವನು ಬ್ಯಾಂಕಿಗೆ ಹೋಗಿ ಸಾಲದ ಅವಧಿ ಎಳೆಯಿಸಿ ಕಂತು ಇಳಿಸಿಕೊಂಡೆ. ಬಡ್ಡಿ ಒಟ್ಟಿನಲ್ಲಿ ಜಾಸ್ತಿಯೇ ಆಯಿತು, ಆದರೆ ಉಸಿರಾಡಲು ಜಾಗ ಸಿಕ್ಕಿತು.

ಇದಕ್ಕೆ ಜೋಡಿಸಿದ್ದು ಮನ್ನದ ನಿಯಮ. ಮನ್ನ ಅಂದರೆ ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ. ವಿಮೋಚನಕಾಂಡ 16ರಲ್ಲಿ ಮರುದಿನಕ್ಕೆ ಅಂತ ಎತ್ತಿಟ್ಟ ಮನ್ನಕ್ಕೆ ಹುಳ ಬೀಳುತ್ತದೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ಕೇಳುವುದು ಆ ದಿನದ ಆಹಾರ ಮಾತ್ರ. ಹಾಗಾಗಿ ನಾಳೆ ರಾತ್ರಿಯೊಳಗೆ ಬೇಕಾದದ್ದನ್ನಷ್ಟೇ ಕೇಳುವುದು, ಉಳಿದ ಕಾಗದ ಡ್ರಾಯರಿಗೆ. ಆರನೇ ದಿನ ಎರಡು ದಿನದ್ದು ಕೂಡಿಸಿಕೊಳ್ಳಬಹುದು ಅಂತ ಅಲ್ಲೇ ಇದೆ, ಅದನ್ನೂ ಬಳಸಿಕೊಂಡೆ. ಶನಿವಾರ ಮುಂದಿನ ವಾರದ್ದೆಲ್ಲ ನೋಡಿ ಮುಗಿಸಿ, ಭಾನುವಾರ ಡ್ರಾಯರ್ ಮುಟ್ಟುತ್ತಿರಲಿಲ್ಲ.

ಫಿಲಿಪ್ಪಿಯವರಿಗೆ ಬರೆದ ಪತ್ರದ 4:6-7 ನಮಗೆಲ್ಲ ಬಾಯಿಪಾಠ. ಪೌಲ ಅದನ್ನು ಬರೆದದ್ದು ಸೆರೆಯಲ್ಲಿದ್ದಾಗ. ಎಷ್ಟೋ ವರ್ಷ ಓದಿದ ಮೇಲೆ ಮೇಜಿನ ಮುಂದೆ ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು: ಕೇಳಿದ್ದು ಸಿಗುತ್ತದೆ ಅಂತ ಅಲ್ಲಿ ಎಲ್ಲೂ ಇಲ್ಲ. ಬೇಕಾದದ್ದನ್ನು ಕೃತಜ್ಞತೆಯ ಜೊತೆ ದೇವರಿಗೆ ತಿಳಿಸಿ, ಆಗ ಶಾಂತಿ ಬಂದು ನಿಮ್ಮ ಹೃದಯವನ್ನು ಕಾಯುತ್ತದೆ, ಅಷ್ಟೇ. ಕೆಲಸ ಬರುವ ತನಕ ಕಾಯದೆ ಸಮಾಧಾನ ಕೇಳಬಹುದು ಅಂತ ಧೈರ್ಯ ಬಂದದ್ದು ಅಲ್ಲಿಂದ. ಕೃತಜ್ಞತೆಯನ್ನು ಸುಮ್ನೆ 'ಎಲ್ಲದಕ್ಕೂ ಸ್ತೋತ್ರ' ಅಂತ ಹೇಳಿ ಮುಗಿಸಿದರೆ ನನಗೆ ಏನೂ ಆಗುತ್ತಿರಲಿಲ್ಲ. ಯಾರು ಫೋನ್ ಮಾಡಿದರು, ಯಾವ ಬಿಲ್ ಎಣಿಸಿದ್ದಕ್ಕಿಂತ ಕಮ್ಮಿ ಬಂತು, ಹೆಸರು ಹಿಡಿದು ಹೇಳಬೇಕು.

ನಡುವೆ ಬೇರೆ ಪ್ರಯೋಗಗಳೂ ಆದವು. 119ನೇ ಕೀರ್ತನೆಯನ್ನು ಬಾಯಿಪಾಠ ಮಾಡಲು ಹೋದೆ. 176 ವಚನ, ಎಂಟೆಂಟರ 22 ಕಟ್ಟು. ಮೂರನೇ ಕಟ್ಟಿಗೆ ಕೈ ಬಿಟ್ಟೆ. ಕಥೋಲಿಕ ಸಂತ ಲೊಯೋಲಾದ ಇಗ್ನೇಷಿಯಸ್ 16ನೇ ಶತಮಾನದಲ್ಲಿ ಕಲಿಸಿದ ಹಾಗೆ ದಿನವನ್ನು ಹಿಂದಿರುಗಿ ನೋಡಿ ಪ್ರಾರ್ಥಿಸುವ ಕ್ರಮವನ್ನು ರಾತ್ರಿ ಮಾಡಿದರೆ ನಿದ್ದೆಯೇ ಹಾರಿಹೋಗುತ್ತಿತ್ತು. ಮಧ್ಯಾಹ್ನಕ್ಕೆ ಬದಲಾಯಿಸಿದೆ, ಚೆನ್ನಾಗಿ ಹಿಡಿಯಿತು. ಆರ್ಥೊಡಾಕ್ಸ್ ಸನ್ಯಾಸಿಗಳ 'ಯೇಸುವೇ ನನ್ನನ್ನು ಕರುಣಿಸು' ಅನ್ನುವ ಚಿಕ್ಕ ಪ್ರಾರ್ಥನೆ ನಡೆಯುವಾಗ ಒಳ್ಳೆಯದು, ಕೂತರೆ ನನಗೆ ತೂಕಡಿಕೆ. ಡಾಕ್ಟರ ಹತ್ತಿರವೂ ಹೋಗಿ ಬಂದೆ, ಅದರಲ್ಲಿ ನಾಚಿಕೆ ಏನಿದೆ? ಪ್ರವಾದಿ ಎಲೀಯ ಸಾಯಬೇಕು ಅಂತ ಮಲಗಿದಾಗ ದೂತನು ಬಂದು ಉಪದೇಶ ಕೊಡಲಿಲ್ಲ. ಎಬ್ಬಿಸಿ ಊಟ ಕೊಟ್ಟ, ಅವನು ಮತ್ತೆ ಮಲಗಿದ, ಇನ್ನೊಮ್ಮೆ ಎಬ್ಬಿಸಿ ಊಟ ಕೊಟ್ಟ.

ಮೂರು ಗಂಟೆಗೆ ಎಚ್ಚರ ಆದರೆ ಹೇಳಿಕೊಳ್ಳಲು ನನಗೆ ಒಂದು ಸಾಲಿದೆ, ಕೀರ್ತನೆಯದ್ದೇ. ಯಾವುದು ಅಂತ ಹೇಳುವುದಿಲ್ಲ. ಓದುತ್ತಾ ಹೋದರೆ ನಿಮ್ಮದು ನಿಮಗೆ ಸಿಗುತ್ತದೆ. ಒಬ್ಬ ಸ್ನೇಹಿತನೂ ನಾನೂ ಮಾಡಿಕೊಂಡ ಒಂದು ಒಪ್ಪಂದವೂ ಇದೆ, ಅದೂ ನಮ್ಮಿಬ್ಬರಲ್ಲೇ ಇರಲಿ.

ನನ್ನ ಜೊತೆ ಕಂಪನಿಯಿಂದ ಹೊರಗೆ ಬಂದವರಲ್ಲಿ, ಹೊಸ ಕೆಲಸ ಸಿಗುವ ಮೊದಲೇ, ನಿದ್ದೆ ಮಾತ್ರೆ ಇಲ್ಲದೆ ರಾತ್ರಿ ಪೂರ್ತಿ ಮಲಗುತ್ತಿದ್ದವನು ಬಹುಶಃ ನಾನೊಬ್ಬನೇ. ಹೊಸ ಕೆಲಸದಲ್ಲಿ ಸಂಬಳ ಹಿಂದಿನದಕ್ಕಿಂತ ಕಾಲು ಭಾಗ ಕಮ್ಮಿ, ಅದೂ ಗುತ್ತಿಗೆ ಮೇಲೆ. ಮುಂದುವರಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ಆ ಗುತ್ತಿಗೆ ಪತ್ರವನ್ನೂ ಮೇಜಿನ ಮೇಲೆ ಹರಡಿಯಾಗಿದೆ.

ಹೋದ ತಿಂಗಳು ಆ ಹಿರಿಯರೇ ಫೋನ್ ಮಾಡಿದ್ದರು. ಅವರ ಮಗನಿಗೂ ಕೆಲಸದ ತೊಂದರೆಯಂತೆ. "ಬ್ರದರ್, ಆ ಕೀರ್ತನೆಗಳನ್ನು ಎಲ್ಲಿಂದ ಶುರು ಮಾಡಬೇಕು?" ಅಂದರು. 13ರಿಂದ ಶುರು ಮಾಡಿ ಅಣ್ಣ, ಆರೇ ವಚನ, 88ಕ್ಕೆ ಈಗಲೇ ಹೋಗಬೇಡಿ ಅಂದೆ.