ನೋವು ಬೇರೆ, ಅದಕ್ಕೆ ಅಂಟ್ಕೊಂಡಿರೋ ನಂಬಿಕೆ ಬೇರೆ

ಅಪ್ಪ ತೀರ್ಕೊಂಡ ಮೂರನೇ ದಿನ ನಮ್ಮ ಚರ್ಚ್ ಸಭೆಯ ಹಿರಿಯರೊಬ್ರು ಮನೆಗೆ ಬಂದು, ಕಾಫಿ ಲೋಟ ಕೆಳಗಿಡ್ತಾ, "ಇನ್ನೂ ಸ್ವಲ್ಪ ನಂಬಿಕೆಯಿಂದ ಪ್ರಾರ್ಥನೆ ಮಾಡ್ಬೇಕಿತ್ತಮ್ಮ" ಅಂದ್ರು. ಅವ್ರಿಗೆ ಮರೆತೇ ಹೋಗಿರತ್ತೆ, ನಂಗೆ ಮಾತ್ರ ಎರಡು ವರ್ಷ ಅದು ಒಳಗೇ ಮುಳ್ಳಿನ ಥರ ಕೂತಿತ್ತು, ಅಪ್ಪ ಇಲ್ಲ ಅನ್ನೋದಕ್ಕಿಂತ ನನ್ನಿಂದ್ಲೇ ಹೋದ್ರು ಅನ್ನೋದೇ ಜಾಸ್ತಿ ಚುಚ್ತಿತ್ತು. ಅದನ್ನ ಹೇಗೆ ಕಿತ್ತೆ ಅಂತ ಬರೀತೀನಿ, ನಿಮ್ಮೊಳಗೂ ಇಂಥ ಮಾತೊಂದು ಇದ್ರೆ ಟ್ರೈ ಮಾಡಿ ನೋಡಿ.

ಒಂದು ಹಳೇ ನೋಟ್‌ಬುಕ್ ತಗೊಳ್ಳಿ, ಫೋನ್ ಬೇಡ. ನೋವಾದಾಗ ತಲೇಲಿ ಓಡೋ ವಾಕ್ಯನ ಹಾಗ್ಹಾಗೇ ಬರೀರಿ, ಚರ್ಚಲ್ಲಿ ಎದ್ದು ನಿಂತು ಸಾಕ್ಷಿ ಹೇಳೋ ಭಾಷೇಲಿ ಅಲ್ಲ. ನಾನು ಬರೆದಿದ್ದು "ನನ್ನ ಪ್ರೇಯರ್ ಸಾಲ್ಲಿಲ್ಲ, ಅದಕ್ಕೇ ಅಪ್ಪ ಹೋದ್ರು". ಬರೆದು ನೋಡಿದ್ರೆ ಒಂದೇ ಸಾಲಲ್ಲಿ ಎರಡು ವಿಷ್ಯ. ಅಪ್ಪ ಹೋದ್ರು, ಅದು ನಡೆದಿದ್ದು. ಪ್ರೇಯರ್ ಸಾಲ್ಲಿಲ್ಲ, ಅದು ಯಾರೋ ಹೇಳಿದ್ದು, ನಾನು ನಂಬಿದ್ದು. ಮಧ್ಯ ಇರೋ "ಅದಕ್ಕೇ"ಗೆ ಪೆನ್ನಲ್ಲಿ ರೌಂಡ್ ಹಾಕಿ, ಕಾಟ ಕೊಡೋದು ಅದೇ.

ಆಮೇಲೆ ಈ ಮಾತು ಯೇಸುಸ್ವಾಮಿದಾ ಆ ಹಿರಿಯರದಾ ಅಂತ ಕೇಳ್ಕೊಳ್ಳಿ. ಬೈಬಲ್ ಕಣ್ಮುಚ್ಚಿ ತೆಗೆದು ಬೆರಳಿಟ್ಟ ವಚನ ಓದೋದು, ಹೊಸ ವರ್ಷಕ್ಕೆ ಸಿಗೋ ಒಂದೇ ವಚನದ ವಾಗ್ದಾನದ ಕಾರ್ಡ್ ಹಿಡ್ಕೊಂಡು ಕೂರೋದು ಈ ಕೆಲಸಕ್ಕೆ ಆಗಲ್ಲ, ಇಡೀ ಅಧ್ಯಾಯ ಓದಿ. ಲೂಕ 13ರಲ್ಲಿ ಸಿಲೊವಾಮಿನ ಬುರುಜು ಬಿದ್ದು 18 ಜನ ಸತ್ತಿರ್ತಾರೆ, ಅವ್ರು ಯೆರೂಸಲೇಮಲ್ಲಿ ಉಳಿದೋರಿಗಿಂತ ಕೆಟ್ಟೋರಾ ಅಂತ ಯೇಸುಸ್ವಾಮಿ ತಾವೇ ಕೇಳಿ, ಇಲ್ಲ ಅಂತಾರೆ. ಅದರ ಬೆನ್ನಲ್ಲೇ ನೀವೂ ಮಾನಸಾಂತರಪಡಿ, ಅಂದ್ರೆ ಪಾಪ ಬಿಟ್ಟು ದೇವ್ರ ಕಡೆ ತಿರುಗಿ, ಅಂತಾರೆ, ಅದನ್ನ ನುಂಗಿಹಾಕಲ್ಲ, ಆದ್ರೆ ಸತ್ತೋರ ಪಾಪದ ಲೆಕ್ಕ ಬರೆಯೋಕೆ ಹೋಗಲ್ಲ. ಮಕ್ಕಳು, ಆಸ್ತಿ ಎಲ್ಲಾ ಕಳ್ಕೊಂಡ ಯೋಬನ ಗೆಳೆಯರ ಕಥೇನೂ ಓದಿ, 7 ದಿನ ಸುಮ್ನೆ ಅವನ ಜೊತೆ ನೆಲದಲ್ಲಿ ಕೂತಿದ್ರು, ಅಲ್ಲೀವರೆಗೂ ಚೆನ್ನಾಗಿತ್ತು, ನೀನು ಪಾಪ ಮಾಡಿರ್ತೀಯ, ಅದಕ್ಕೇ ಹೀಗಾಯ್ತು ಅಂತ ಬಾಯಿ ತೆಗೆದಮೇಲೇ ಕೆಟ್ಟಿದ್ದು, ಕೊನೇಲಿ 42ನೇ ಅಧ್ಯಾಯದಲ್ಲಿ ದೇವ್ರು ಕೋಪ ಮಾಡ್ಕೊಳ್ಳೋದೂ ಆ ಗೆಳೆಯರ ಮೇಲೆ.

"ಅದಕ್ಕೇ" ಹೊಡೆದುಹಾಕಿದ್ರೂ ನೋವು ಹೋಗಲ್ಲ, ಹೋಗತ್ತೆ ಅನ್ಕೊಂಡಿದ್ದೆ ನಾನು. ಆ ನೋವನ್ನ ದೇವ್ರ ಮುಂದೆ ಸುರೀಬೇಕು. ಕೀರ್ತನೆ 13ರಲ್ಲಿ ದಾವೀದ ಎಷ್ಟು ದಿನ, ಎಷ್ಟು ದಿನ ಅಂತ 4 ಸಲ ಕೇಳ್ತಾನೆ, ಅಷ್ಟಾದ್ರೂ ಕೊನೇಲಿ ಹಾಡ್ತಾನೆ. 88ನೇ ಕೀರ್ತನೆ ಹಾಗಲ್ಲ, ಕತ್ತಲೆಯಲ್ಲೇ ಮುಗಿಯತ್ತೆ, ಹಲ್ಲೆಲೂಯ ಇಲ್ಲ. ಅದೂ ಸತ್ಯವೇದದಲ್ಲೇ ಇದೆ ತಾನೇ. ಇವುಗಳ ಥರ ನೀವೂ ಒಂದು ಬರೀರಿ, ಮೊದ್ಲು ದೇವ್ರ ಹೆಸರು, ಆಮೇಲೆ ದೂರು, ಆಮೇಲೆ ಏನು ಬೇಕೋ ಅದು. ನಂದು ಶುರುವಾಗಿದ್ದು ಹೀಗೆ, "ಕರ್ತರೇ, ಅಪ್ಪನ ಚಪ್ಪಲಿ ಇನ್ನೂ ಬಾಗ್ಲಲ್ಲೇ ಇದೆ, ಕಸ ಗುಡಿಸುವಾಗ ದಿನಾ ಎತ್ತಿ ದಿನಾ ಅಲ್ಲೇ ಇಡ್ತೀನಿ". ಕೊನೆಗೆ ಸ್ತೋತ್ರ ಬರ್ದೇ ಇದ್ರೆ ಜಾಗ ಖಾಲಿ ಬಿಡಿ, ನನ್ನ ಪುಟದಲ್ಲಿ ನಾಲ್ಕು ತಿಂಗಳು ಖಾಲಿ ಇತ್ತು.

ಊಟ ನಿದ್ದೆ ಬಿಡ್ಬೇಡಿ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಸಾವು ಕೇಳ್ತಾ ಮಲಗಿದ್ರೆ ದೇವದೂತ ಉಪದೇಶ ಮಾಡ್ಲಿಲ್ಲ, ರೊಟ್ಟಿ ನೀರು ಕೊಟ್ಟು ಎಬ್ಬಿಸಿದ, ಅದೂ ಎರಡು ಸಲ. ಸಾಯೋ ಯೋಚನೆ ಬರ್ತಿದ್ರೆ ನೋಟ್‌ಬುಕ್ ಬದಿಗಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಮಾತ್ರೆ ತಗೊಂಡ್ರೆ ನಂಬಿಕೆ ಕಮ್ಮಿ ಅನ್ನೋರಿಗೆ ಸುವಾರ್ತೆ ಬರೆದ ಲೂಕನೂ ವೈದ್ಯನೇ ಅಂತ ನೆನಪಿಸಿ.

ಕ್ಷಮಿಸೋಕೆ ಅವಸರ ಬೇಡ. ಬೈಬಲ್‌ನ ಯೋಸೇಫ ಕೂಡ ತನ್ನನ್ನ ಮಾರಿದ್ದ ಅಣ್ಣಂದ್ರು ಕಣ್ಮುಂದೆ ಬಂದಾಗ ತಕ್ಷಣ ಅಪ್ಪಿಕೊಳ್ಳಲಿಲ್ಲ, ಆಚೆ ಹೋಗಿ ಅತ್ತು ಬಂದ. ಆ ಹಿರಿಯರು ಈಗ್ಲೂ ಭಾನುವಾರ ಚರ್ಚ್ ಬಾಗ್ಲಲ್ಲೇ ಸಿಗ್ತಾರೆ, ವಂದನೆ ಅಂಕಲ್ ಅಂತೀನಿ, ಕೆಲವು ಭಾನುವಾರ ಮನಸಾರೆ, ಕೆಲವು ಭಾನುವಾರ ಬರೀ ಬಾಯಲ್ಲಿ.