ಶಾಲೆಯಲ್ಲಿ ಮೇಕರ್ ಮೂಲೆ: ವೈಂಡಿಂಗ್ ಅಂಗಡಿಯಿಂದ ಶುರು ಮಾಡಿ

ನಮ್ಮ ಮುಧೋಳದ ಕಡೆ ಕಬ್ಬಿಗೆ ನೀರು ಬಿಡೋ ಹೊತ್ತಿಗೆ ಮೋಟರ್ ಸುಟ್ಟರೆ ಆ ಮನೆಯಲ್ಲಿ ಎರಡು ದಿನ ಯಾರಿಗೂ ಊಟ ರುಚಿಸುವುದಿಲ್ಲ. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿ ಮುಂದೆ ಅಪ್ಪನ ಜೊತೆ ಕಾದು ಕೂತ ಹುಡುಗರು ಪ್ರತಿ ಕ್ಲಾಸಿನಲ್ಲೂ ನಾಲ್ಕು ಜನ ಸಿಗುತ್ತಾರೆ. ಅದೇ ಹುಡುಗರು ಮೋಟರ್ ಪಾಠ ನಡೆಯುವಾಗ ಕಿಟಕಿ ಕಡೆ ನೋಡುತ್ತಾ ಕೂತಿರುತ್ತಾರೆ. ವಿಚಿತ್ರ ಅಲ್ವಾ?

ಮೇಕರ್ ಮೂಲೆ ಅಂದರೆ ಮಕ್ಕಳು ಕೈಯಾರೆ ಏನಾದರೂ ಮಾಡಿ ಕಲಿಯುವ ಜಾಗ. ಮೇಕರ್ ಅಂದ ಕೂಡಲೇ ನಮಗೆ ತ್ರೀಡಿ ಪ್ರಿಂಟರ್, ರೋಬೋ ನೆನಪಾಗುತ್ತದೆ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಲ್ಲಿ ಶುರುವಾಯಿತು, ಅದರಲ್ಲಿ ಆಯ್ಕೆಯಾದ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಕೊಟ್ಟಿದ್ದಾರೆ. ಸಿಕ್ಕರೆ ಒಳ್ಳೆಯದೇ. ಆದರೆ ನಾನು ಮೊದಲು ಇದ್ದ ಶಾಲೆಗೆ ಎಲ್ಲಿಂದಲೋ ಒಂದು ದೊಡ್ಡ ಕಿಟ್ ಬಂದಿತ್ತು. ಸ್ಟಾಕ್ ರಿಜಿಸ್ಟರಿನಲ್ಲಿ ಎಂಟ್ರಿ ಆಯಿತು, ಬೀರುವಿಗೆ ಬೀಗ ಬಿತ್ತು, ಒಂದು ಸೆನ್ಸರ್ ಕಳೆದರೆ ಯಾರು ಉತ್ತರ ಕೊಡೋದು ಅಂತ ಎರಡು ವರ್ಷ ಯಾರೂ ತೆಗೆಯಲಿಲ್ಲ. ಬೀಗದ ಕೈ ನನ್ನ ಹತ್ತಿರವೇ ಇತ್ತು.

ಅದಕ್ಕೇ ಕಳೆದರೂ ಮುರಿದರೂ ಪರವಾಗಿಲ್ಲ ಅನ್ನೋ ಸಾಮಾನಿನಿಂದ ಶುರು ಮಾಡಿ. ಅರವಿಂದ ಗುಪ್ತಾ ಅವರು ಕಸದಿಂದ ಆಟಿಕೆ ಮಾಡಿ ತೋರಿಸಿದ್ದು ಹೀಗೇ: ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬು, ಹಳೇ ಪೇಪರ್.

ಮೊದಲ ಶನಿವಾರ ಒಂದು ಪುಟ್ಟ ಮೋಟರ್ ಮಾಡಿಸಿ. ಮೂವರಿಗೆ ಒಂದು ಸೆಟ್ಟು ಸಾಕು, ಐದಾರು ಜನ ಆದರೆ ಇಬ್ಬರು ಮಾಡುತ್ತಾರೆ, ಉಳಿದವರು ಹರಟೆ. ಬೇಕಾಗೋದು ಟಾರ್ಚಿನ ದೊಡ್ಡ ಸೆಲ್, ಎರಡು ಸೇಫ್ಟಿ ಪಿನ್, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ, ಗುಜರಿಯಲ್ಲಿ ಸಿಗುವ ಹಳೇ ಸ್ಪೀಕರಿನ ಅಯಸ್ಕಾಂತದ ಚೂರು, ಪಾಲಿಶ್ ಪೇಪರ್. ತಂತಿಯನ್ನು ವೈಂಡಿಂಗ್ ಅಂಗಡಿಯಲ್ಲಿ ಕೇಳಿ, ತುಂಡು ತಂತಿ ಸುಮ್ನೆ ಕೊಡುತ್ತಾರೆ. ಒಂದು ಎಚ್ಚರ: ಬೋರಿನೊಳಗೆ ಇಳಿಸುವ ಸಬ್‌ಮರ್ಸಿಬಲ್ ಮೋಟರಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ, ಅದು ಬೇಡ. ಫ್ಯಾನಿನದು ತೀರಾ ತೆಳು. ಮೇಲೆ ಕೂರಿಸುವ ಮೊನೊಬ್ಲಾಕ್ ಮೋಟರಿನ ಎನಾಮಲ್ ತಂತಿ (ಕರೆಂಟ್ ತಡೆಯುವ ತೆಳು ಲೇಪ ಇರುವುದು), 24 ಅಥವಾ 26 ಗೇಜ್ ಕೇಳಿ.

ದಪ್ಪ ಮಾರ್ಕರ್ ಪೆನ್ನಿಗೆ ಹತ್ತು ಸುತ್ತು ಸುತ್ತಿ ತೆಗೆಯಿರಿ. ಎರಡು ತುದಿಯನ್ನೂ ಸುರುಳಿಗೆ ಎರಡೆರಡು ಸಲ ಬಿಗಿದು, ಎದುರುಬದುರಾಗಿ ನೇರ ಚಾಚಿಸಿ. ಈಗ ಬರುತ್ತದೆ ಅಸಲಿ ಕೆಲಸ. ಒಂದು ತುದಿಯ ಎನಾಮಲ್ಲನ್ನು ಸುತ್ತಲೂ ಪೂರ್ತಿ ಉಜ್ಜಿ ತೆಗೆಯಬೇಕು. ಇನ್ನೊಂದು ತುದಿಗೆ ಸುರುಳಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದು, ಮೇಲಿನ ಅರ್ಧ ಮಾತ್ರ ಉಜ್ಜಬೇಕು. ಕೆಳಗಿನ ಅರ್ಧ ಹಾಗೇ ಇರಲಿ. ಪಿನ್ನುಗಳನ್ನು ಸೆಲ್ಲಿನ ಎರಡು ಕೊನೆಗೆ ರಬ್ಬರಿನಿಂದ ಕಟ್ಟಿ, ಅವುಗಳ ಕಣ್ಣಿನಲ್ಲಿ ತಂತಿ ಇಟ್ಟು, ಸೆಲ್ಲಿನ ಮೇಲೆ ಅಯಸ್ಕಾಂತ ಕೂರಿಸಿ, ಬೆರಳಿನಿಂದ ಮೆಲ್ಲಗೆ ತಳ್ಳಿ.

ತಿರುಗೋದಿಲ್ಲ. ಮೊದಲ ಸಲ ಬಹಳ ಜನರದ್ದು ತಿರುಗೋದಿಲ್ಲ.

ಆಗ ನೀವು ಕೈ ಹಾಕಬಾರದು. ನನಗೆ ಇದೇ ಜಾಸ್ತಿ ಕಷ್ಟವಾಗಿದ್ದು, ಕೈ ಕಟ್ಟಿಕೊಂಡು ನಿಲ್ಲುತ್ತಿದ್ದೆ. ಬರೀ ಕೇಳಿ: ಎನಾಮಲ್ ನಿಜವಾಗಿ ಹೋಗಿದೆಯಾ, ಸುರುಳಿ ಒಂದು ಕಡೆ ಭಾರ ಆಗಿದೆಯಾ, ತುದಿ ಸೊಟ್ಟ ಇದೆಯಾ? ಒಬ್ಬ ಹುಡುಗಿ ಎರಡು ತುದಿಯನ್ನೂ ಪೂರ್ತಿ ಉಜ್ಜಿದ್ದಳು. ಸುರುಳಿ ತೊಟ್ಟಿಲಿನ ಹಾಗೆ ಆಚೀಚೆ ತೂಗುತ್ತಿತ್ತು. ಅರ್ಧ ಸುತ್ತು ಮುಗಿದ ಮೇಲೂ ಕರೆಂಟ್ ಹರಿದರೆ ಅದು ಹಿಂದಕ್ಕೆ ಎಳೆಯುತ್ತದೆ, ಅಲ್ಲಿ ಎನಾಮಲ್ ಇದ್ದರೆ ಕರೆಂಟ್ ಕಟ್ಟಾಗಿ ಸುರುಳಿ ಬಂದ ವೇಗದ ಮೇಲೇ ದಾಟಿಕೊಳ್ಳುತ್ತದೆ. ಪುಸ್ತಕದ ಮೋಟರಿನಲ್ಲಿ ಅರ್ಧ ಸುತ್ತಿಗೊಮ್ಮೆ ಕರೆಂಟಿನ ದಿಕ್ಕು ಬದಲಿಸುವ ಒಡಕು ಉಂಗುರ ಯಾಕಿದೆ ಅಂತ ಆವತ್ತು ಅವಳೇ ಉಳಿದವರಿಗೆ ಹೇಳಿದಳು. ತೂಗಾಡಿದ್ದನ್ನು ನೋಡಿದ್ದು ಅವಳೇ ತಾನೇ.

ನಿಂತ ಸುರುಳಿಯನ್ನು ಸೆಲ್ ಮೇಲೆ ಬಿಟ್ಟುಬಿಡಬೇಡಿ, ತಂತಿ ಸುಡುವಷ್ಟು ಬಿಸಿಯಾಗುತ್ತದೆ. ಗೋಡೆಯ ಪ್ಲಗ್ಗಿಗೆ ಏನನ್ನೂ ಸೇರಿಸಬಾರದು, ಇದರಲ್ಲಿ ರಿಯಾಯಿತಿ ಇಲ್ಲ. ಕತ್ತರಿ, ಪಕ್ಕಡ್ ಎಲ್ಲಾ ಹುಡುಗರ ಕೈಗೆ ಸಿಗುವಂತೆ ಗೋಡೆಗೆ ತೂಗುಹಾಕಿ, ಪ್ರತಿಯೊಂದರ ಆಕಾರವನ್ನು ಅದರ ಹಿಂದೆ ಪೆನ್ಸಿಲ್ಲಿನಿಂದ ಬರೆದಿಡಿ. ಯಾವುದು ಕಾಣೆಯಾಗಿದೆ ಅಂತ ಬಾಗಿಲಲ್ಲೇ ಗೊತ್ತಾಗುತ್ತದೆ. ಮಾರ್ಕ್ಸ್ ಮಾತ್ರ ಕೊಡಬೇಡಿ. ಕೊಟ್ಟರೆ ಎಲ್ಲರೂ ಚುರುಕು ಹುಡುಗನ ಮೋಟರಿನ ಸುತ್ತ ನಿಲ್ಲುತ್ತಾರೆ. ಅದರ ಬದಲು ಏನು ಕೆಟ್ಟಿತು, ಹೇಗೆ ಸರಿಹೋಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ.

ಎರಡನೇ ಶನಿವಾರ ವೈಂಡಿಂಗ್ ಮೇಸ್ತ್ರಿಯನ್ನೇ ಕರೆಸಿ, ಭಾಷಣ ಬೇಡ, ಸುಮ್ನೆ ಬಂದು ಕೂರಲಿ. ನಮ್ಮಲ್ಲಿ ಬಂದವರು ಚಹಾ ಕುಡಿಯುತ್ತಾ ಒಂದೇ ಮಾತು ಕೇಳಿದರು: "ಹೊಲದಾಗ ಮೋಟರ್ ಉಲ್ಟಾ ತಿರುಗಿದ್ರ ನೀರು ಸರಿ ಎತ್ತೂದಿಲ್ಲ. ನಿಮ್ದು ಉಲ್ಟಾ ತಿರುಗಸ್ರಿ ನೋಡೂಣು." ಆರು ಗುಂಪಿನಲ್ಲಿ ನಾಲ್ಕು ಸೆಲ್ಲನ್ನು ತಿರುವಿಟ್ಟವು, ಎರಡು ಅಯಸ್ಕಾಂತವನ್ನು ಮಗುಚಿದವು. ಎರಡೂ ಸರಿ. ಒಬ್ಬ ಮಾತ್ರ ಎರಡನ್ನೂ ಒಟ್ಟಿಗೆ ತಿರುವಿ, ಏನೂ ಬದಲಾಗಲಿಲ್ಲವಲ್ಲ ಅಂತ ಬೆಲ್ ಹೊಡೆದ ಮೇಲೂ ಅದನ್ನೇ ನೋಡುತ್ತಾ ಕೂತಿದ್ದ.