ಹಳೆಯ ಕಾರಿಗೆ ಸೆಕೆಂಡ್ ಹ್ಯಾಂಡ್ ಇಸಿಎಂ ಮತ್ತು ಇಮ್ಮೊಬಿಲೈಸರ್ ಜೋಡಿಸುವ ಕ್ರಮ

ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಹಳೆಯ ಕಾರೊಂದು ಸ್ಟಾರ್ಟ್ ಆಗದೆ ನಿಂತರೆ ಇಸಿಎಂ (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆ) ಹೋಗಿದೆ ಎಂಬ ತೀರ್ಮಾನಕ್ಕೆ ಆತುರದಿಂದ ಬರಬಾರದು. ಉಪ್ಪು ಬೆರೆತ ತೇವದ ಗಾಳಿಗೆ ಮೊದಲು ಹಾಳಾಗುವುದು ಸಾಮಾನ್ಯವಾಗಿ ವೈರುಗಳನ್ನು ಸೇರಿಸುವ ಕಪ್ಲರ್‌ಗಳ ಪಿನ್ನುಗಳು ಮತ್ತು ಅರ್ತ್ ವೈರನ್ನು ಕಾರಿನ ಮೈಗೆ ಬಿಗಿಯುವ ಬಾಡಿ ಅರ್ತ್ ಬೋಲ್ಟುಗಳು. ಆದ್ದರಿಂದ ಗುಜರಿ ಅಂಗಡಿಗೆ ಹೋಗುವ ಮುನ್ನ ಫ್ಯೂಸ್, ಮೇನ್ ರಿಲೇ ಹಾಗೂ ಅರ್ತ್ ಸಂಪರ್ಕಗಳನ್ನು ಮಲ್ಟಿಮೀಟರ್‌ನಿಂದ ಪರೀಕ್ಷಿಸಬೇಕು. ಸೆನ್ಸರ್‌ಗಳಿಗೆ ಹೋಗುವ 5 ವೋಲ್ಟ್ ಕಾಣದಿದ್ದರೆ ಸೆನ್ಸರ್‌ಗಳ ಕಪ್ಲರ್‌ಗಳನ್ನು ಒಂದೊಂದಾಗಿ ಕಳಚಿ ನೋಡಬೇಕು. ಯಾವುದೋ ಒಂದನ್ನು ಕಳಚಿದ ಕೂಡಲೇ ವೋಲ್ಟೇಜ್ ಮರಳಿದರೆ ದೋಷ ಆ ಸೆನ್ಸರ್‌ನಲ್ಲಿ ಇದೆಯೇ ಹೊರತು ಇಸಿಎಂನಲ್ಲಿ ಅಲ್ಲ. ಇಸಿಎಂ ನಿಜವಾಗಿಯೂ ಸುಟ್ಟಿದ್ದರೆ ಕಾರಣವನ್ನು ಹುಡುಕಲೇಬೇಕು, ಏಕೆಂದರೆ ಶಾರ್ಟ್ ಆದ ಇಂಜೆಕ್ಟರ್ ಅಥವಾ ಇಗ್ನಿಷನ್ ಕಾಯಿಲ್ ಹಾಗೆಯೇ ಉಳಿದರೆ ಬದಲಿಗೆ ಹಾಕಿದ್ದೂ ಸುಡುತ್ತದೆ.

ಇಮ್ಮೊಬಿಲೈಸರ್ (ಸರಿಯಾದ ಕೀಲಿಯಿಲ್ಲದೆ ಎಂಜಿನ್ ಓಡದಂತೆ ತಡೆಯುವ ಕಳವು ನಿರೋಧಕ ವ್ಯವಸ್ಥೆ) ಇರುವ ಕಾರಿನಲ್ಲಿ ಕೀಲಿಯ ತಲೆಯೊಳಗೆ ಬ್ಯಾಟರಿ ಬೇಡದ ಪುಟ್ಟ ಟ್ರಾನ್ಸ್‌ಪಾಂಡರ್ ಚಿಪ್ ಇರುತ್ತದೆ. ಇಗ್ನಿಷನ್ ಲಾಕಿನ ಸುತ್ತಲಿನ ಆಂಟೆನಾ ಸುರುಳಿ ಅದಕ್ಕೆ ಶಕ್ತಿ ಕೊಟ್ಟು ಅದರ ಸಂಕೇತವನ್ನು ಓದುತ್ತದೆ. ಆ ಸಂಕೇತವನ್ನು ಒಪ್ಪಿದ ಬಳಿಕವಷ್ಟೇ ಇಮ್ಮೊಬಿಲೈಸರ್ ಪೆಟ್ಟಿಗೆಯು ಎಂಜಿನ್ ನಡೆಸಲು ಇಸಿಎಂಗೆ ಅನುಮತಿ ನೀಡುತ್ತದೆ. ಈ ಮೂರೂ ಪರಸ್ಪರ ಗುರುತು ಹಿಡಿದಿರುವುದರಿಂದ, ಬೇರೆ ಕಾರಿನ ಇಸಿಎಂ ಒಂದನ್ನೇ ತಂದು ಹಾಕಿದರೆ ಡ್ಯಾಶ್‌ಬೋರ್ಡಿನ ಮೀಟರಿನಲ್ಲಿ ಕೀಲಿಯ ಚಿತ್ರದ ದೀಪ ಮಿನುಗುತ್ತದೆ, ಎಂಜಿನ್ ಓಡುವುದಿಲ್ಲ. ಹೀಗಾಗಿ ಒಂದೇ ಕಾರಿನ ಇಸಿಎಂ, ಇಮ್ಮೊಬಿಲೈಸರ್ ಪೆಟ್ಟಿಗೆ ಮತ್ತು ಚಿಪ್ ಇರುವ ಮೂಲ ಕೀಲಿಯನ್ನು ಒಟ್ಟಾಗಿಯೇ ಕೊಳ್ಳಬೇಕು. ಕೀಲಿ ಕಳೆದುಹೋಗಿದೆ ಎನ್ನುವವರಿಂದ ಅಗ್ಗಕ್ಕೆ ಸಿಕ್ಕರೂ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಟಿಕ್ಕರ್‌ನಲ್ಲಿರುವ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಬೇಕು. ಮಂಗಳೂರಿನ ಬೈಕಂಪಾಡಿಯ ಆಸುಪಾಸಿನಲ್ಲಿ ಕೊಂಡರೂ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದರೂ, ಅದನ್ನು ಬಿಚ್ಚಿದ ಕಾರಿನ ಚಾಸಿಸ್ ನಂಬರ್ ನಮೂದಿಸಿದ ರಸೀದಿಯನ್ನು ಕೇಳಿ ಪಡೆಯಬೇಕು. ಅದು ಕಳವಿನ ಮಾಲಲ್ಲ ಎನ್ನಲು ನಿಮ್ಮ ಬಳಿ ಇರುವ ಆಧಾರ ಅದೊಂದೇ.

ಹಳೆಯ ಇಸಿಎಂನ ಮೆಮೊರಿ ಉಳಿದಿದ್ದರೆ ಮತ್ತೊಂದು ದಾರಿಯಿದೆ. ಅದರ ಡೇಟಾವನ್ನು ಹೊಸದಾಗಿ ಕೊಂಡುತಂದ ಸೆಕೆಂಡ್ ಹ್ಯಾಂಡ್ ಇಸಿಎಂಗೆ ನಕಲು ಮಾಡಿಸಿದರೆ ನಿಮ್ಮ ಕೀಲಿಯೇ ನಡೆಯುತ್ತದೆ. ಇದು ಇಸಿಎಂ ರಿಪೇರಿ ಬಲ್ಲವರ ಕೆಲಸ.

ಜೋಡಿಸುವಾಗ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ, ಕೆಲವು ನಿಮಿಷ ಕಾಯಬೇಕು. ಕಪ್ಲರ್‌ಗಳಲ್ಲಿ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಒಣಗಿಸಬೇಕು. ಪಿನ್ನುಗಳನ್ನು ಬರಿಗೈಯಿಂದ ಮುಟ್ಟಬಾರದು. ಮೂರನ್ನೂ ಒಟ್ಟಾಗಿ ಕೊಂಡಿದ್ದರೆ, ಜೊತೆಗೆ ತಂದ ಕೀಲಿ ನಿಮ್ಮ ಲಾಕಿನಲ್ಲಿ ತಿರುಗುವುದಿಲ್ಲವಾದ್ದರಿಂದ, ಅದರ ಚಿಪ್ಪನ್ನು ಬಿಡಿಸಿ ನಿಮ್ಮ ಕೀಲಿಯ ತಲೆಗೆ ವರ್ಗಾಯಿಸಬೇಕು. ಗಾಜಿನ ಚಿಪ್ ಬಹಳ ನಾಜೂಕು. ನಿಮ್ಮ ಹಳೆಯ ಚಿಪ್ಪನ್ನು ಹೊರತೆಗೆಯದೆ ಎರಡನ್ನೂ ಒಟ್ಟಿಗೆ ಇಟ್ಟರೆ ಸಂಕೇತಗಳು ಒಂದರೊಳಗೊಂದು ಸಿಕ್ಕಿ ಓದಲಾಗುವುದಿಲ್ಲ. ಚಿಪ್ಪನ್ನು ಆಂಟೆನಾದ ಪಕ್ಕದಲ್ಲೇ ಟೇಪ್ ಸುತ್ತಿ ಖಾಯಂ ಇಡುವ ವಾಡಿಕೆ ನನಗೆ ಸಮ್ಮತವಲ್ಲ, ಏಕೆಂದರೆ ಆಮೇಲೆ ಬರೀ ಕಬ್ಬಿಣದ ನಕಲಿ ಕೀಲಿಯಿಂದಲೂ ಕಾರು ಹೊರಡುತ್ತದೆ.

ಬ್ಯಾಟರಿ ಮರುಜೋಡಿಸಿ ಇಗ್ನಿಷನ್ ಆನ್ ಮಾಡಿದಾಗ ಕೀಲಿಯ ದೀಪ ಮಿನುಗದೆ ಆರಬೇಕು. ಎಂಜಿನ್ ಬಿಸಿಯಾಗುವವರೆಗೆ ಐಡ್ಲಿಂಗ್‌ನಲ್ಲಿ ಬಿಟ್ಟು, ಸ್ಕ್ಯಾನರ್‌ನಿಂದ ಹಳೆಯ ದೋಷ ಸಂಕೇತಗಳನ್ನು ಅಳಿಸಿ, ಒಂದಷ್ಟು ದೂರ ಓಡಿಸಿ ಮತ್ತೆ ನೋಡಬೇಕು. ಎಲ್ಲವೂ ಸರಿಯಿದ್ದರೆ ಆ ವಾರವೇ ಎರಡನೆಯ ಕೀಲಿಗೂ ಚಿಪ್ ಕೋಡಿಂಗ್ ಮಾಡಿಸಿಕೊಳ್ಳಿ. ಇರುವ ಒಂದೇ ಚಿಪ್ ಕಳೆದರೆ ಸೆಟ್ ಪೂರ್ತಿ ನಿರುಪಯೋಗಿಯಾಗುವ ಸಂಭವವಿದೆ.